ಬಾಗಿಲ ಮೇಲಿನ ಹಸಿರು ಮಾತು ಬಿಲ್ಲಿನ ಮೇಲೂ ಬರಲಿ

ಸಂಪಾದಕರಿಗೆ,

ಮಾನ್ಯರೇ,

ಆಭರಣ ಮಳಿಗೆಗಳ ಜಾಹೀರಾತುಗಳಲ್ಲಿ ಈಚೆಗೆ ತೂಕ, ಮಜೂರಿ, ರಿಯಾಯಿತಿಗಳ ಜೊತೆಗೆ ಹೊಸ ಮಾತೊಂದು ಸೇರಿಕೊಂಡಿದೆ. ಮೊದಲು ಬೆಂಗಳೂರು, ಹೈದರಾಬಾದಿನ ದೊಡ್ಡ ಅಂಗಡಿಗಳಲ್ಲಿ ಕೇಳಿಬರುತ್ತಿದ್ದ ‘ಪರಿಸರಸ್ನೇಹಿ ಒಡವೆ’, ‘ಸುಸ್ಥಿರ ಆಭರಣ’ ಎಂಬ ಬಣ್ಣನೆ ಈಗ ಕಲಬುರಗಿಯ ಗಾಜಿನ ಬಾಗಿಲುಗಳಿಗೂ ಅಂಟಿಕೊಂಡಿದೆ. ಆ ಆಶಯದ ಬಗ್ಗೆ ನನಗೆ ತಕರಾರಿಲ್ಲ. ಬಾಗಿಲ ಮೇಲೆ ಬರೆದದ್ದನ್ನು ಅದೇ ಅಂಗಡಿಯವರು ಬಿಲ್ಲಿನ ಮೇಲೆ ಏಕೆ ಬರೆದುಕೊಡುವುದಿಲ್ಲ ಎಂಬುದಷ್ಟೇ ನನ್ನ ಪ್ರಶ್ನೆ.

ನಾನು ಪತ್ತಾರರ, ಅಂದರೆ ಅಕ್ಕಸಾಲಿಗರ, ಮನೆತನದವನು. ಸದ್ಯ ಸಹಕಾರಿ ಬ್ಯಾಂಕೊಂದರಲ್ಲಿ ಅಡವು ಬಂಗಾರದ ಮೌಲ್ಯಮಾಪಕನಾಗಿದ್ದೇನೆ. ಮೃಗಶಿರಾ ಮಳೆ ಬೀಳುವ ಹೊತ್ತಿಗೆ ತೊಗರಿಯ ಬೀಜ-ಗೊಬ್ಬರಕ್ಕೆ ರೊಕ್ಕ ಹೊಂದಿಸಲು ಆಳಂದ, ಚಿತ್ತಾಪುರ, ಜೇವರ್ಗಿ ಕಡೆಯ ರೈತರು ಮನೆಯ ಒಡವೆಗಳನ್ನು ತಂದು ನನ್ನ ಮುಂದಿಡುತ್ತಾರೆ. ಹೀಗಾಗಿ ಪೇಟೆಯಲ್ಲಿ ಯಾವ ಫ್ಯಾಶನ್ ಬಂದು ಹೋಯಿತೆಂಬುದು ಒಂದೆರಡು ವರ್ಷ ತಡವಾಗಿಯಾದರೂ ನನ್ನ ತಕ್ಕಡಿಗೆ ತಪ್ಪದೆ ಗೊತ್ತಾಗುತ್ತದೆ. ಬಂಗಾರದ ಸಾಲಕ್ಕೆ ಒಡವೆಯಲ್ಲಿರುವ ಬಂಗಾರದ ಬೆಲೆಯನ್ನು ಮಾತ್ರ ಹಿಡಿಯಬೇಕು, ಹರಳಿಗಾಗಲಿ ಮಜೂರಿಗಾಗಲಿ ಬೆಲೆ ಕಟ್ಟಕೂಡದು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಕೊಳ್ಳುವಾಗ ಅತಿ ಹೆಚ್ಚು ಮೆಚ್ಚಿಕೊಂಡ ಭಾಗವೇ ಅಡವಿಡುವಾಗ ಸೊನ್ನೆಯಾಗುವುದನ್ನು ಕಂಡು ಬೆಚ್ಚುವ ಮುಖಗಳನ್ನು ನಾನು ದಿನವೂ ನೋಡುತ್ತೇನೆ.

ಈಗಿನ ಚಾಲ್ತಿಯಲ್ಲಿ ಎಲ್ಲಕ್ಕಿಂತ ಮುಂದಿರುವುದು ‘ಆ್ಯಂಟಿಕ್’ ಹಾರ ಮತ್ತು ‘ಟೆಂಪಲ್’ ಸೆಟ್ಟು. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ, ಏಕೆಂದರೆ ಮೋಸ ಮತ್ತು ಪೋಲು ಎರಡೂ ಇಲ್ಲಿ ಒಂದೇ ಕಡೆ ಕುಳಿತಿರುತ್ತವೆ. ಲಕ್ಷ್ಮಿಯ ಪದಕ, ಎರಡೂ ಬದಿಗೆ ನವಿಲು, ಕೆಳಗೆ ಮುತ್ತಿನ ಗೊಂಚಲು, ನಡುನಡುವೆ ಕೆಂಪು-ಹಸಿರು ಹರಳು ಇರುವ ಇಂಥ ಹಾರವನ್ನು ಕೈಗೆ ತೆಗೆದುಕೊಂಡರೆ ಮೇಲ್ನೋಟಕ್ಕೆ ಗಟ್ಟಿಯಾಗಿಯೇ ಇರುತ್ತದೆ. ಹಿಂಬದಿಗೆ ತಿರುಗಿಸಿ ಉಗುರಿನಿಂದ ಬಡಿದರೆ ಬಂಗಾರದ ನಾದ ಬರುವುದಿಲ್ಲ, ಮಂಕಾದ ಸದ್ದು ಬರುತ್ತದೆ. ಕಾರಣವೇನೆಂದರೆ, ಕಾಗದದಷ್ಟು ತೆಳುವಾದ ತಗಡಿನ ಮೇಲೆ ಉಬ್ಬುಚಿತ್ರ ಎಬ್ಬಿಸಿ, ಒಳಗಿನ ಟೊಳ್ಳಿಗೆ ಅರಗು ತುಂಬಿ, ಹಿಂದಿನಿಂದ ಇನ್ನೊಂದು ತಗಡು ಮುಚ್ಚಿರುತ್ತಾರೆ. ಅರಗು ತುಂಬುವುದು ತಪ್ಪಲ್ಲ, ಅದು ಹಳೆಯ ವಿದ್ಯೆಯೇ. ನಮ್ಮ ಹಿರಿಯರೂ ಮಾಡುತ್ತಿದ್ದರು. ಆದರೆ ಅವರು ಅರಗಿನ ತೂಕ ಕಳೆದು ಬಂಗಾರದ ಲೆಕ್ಕ ಹೇಳುತ್ತಿದ್ದರು. ಈಗ 40 ಗ್ರಾಂ ಎಂದು ಬರೆದ ಚೀಟಿಯ ಹಾರದಲ್ಲಿ ಹರಳು ಮತ್ತು ಅರಗು ಸೇರಿ 9 ಗ್ರಾಂ ಇದ್ದರೆ, ಬಂಗಾರ ಗ್ರಾಂಗೆ ಹತ್ತು ಸಾವಿರದ ಆಚೆ ಹೋಗಿರುವ ಈ ದಿನಗಳಲ್ಲಿ ಗಿರಾಕಿಯು 90 ಸಾವಿರ ರೂಪಾಯಿಗೂ ಮಿಕ್ಕಿ ಅರಗಿಗೆ ಮತ್ತು ಗಾಜಿಗೆ ಕೊಟ್ಟಂತಾಯಿತು. ಒಡವೆಯಲ್ಲಿ ಬೆಲೆಬಾಳುವ ಲೋಹದ ನಿವ್ವಳ ತೂಕವೆಷ್ಟು, ಶುದ್ಧತೆಯೆಷ್ಟು, ಹಾಲ್‌ಮಾರ್ಕಿನ ಶುಲ್ಕವೆಷ್ಟು ಎಂಬುದನ್ನು ಬಿಲ್ಲಿನಲ್ಲಿ ಬೇರೆಬೇರೆಯಾಗಿ ತೋರಿಸಬೇಕೆಂದು ಭಾರತೀಯ ಮಾನಕ ಬ್ಯೂರೋ ಹೇಳಿದ್ದರೂ, ನನ್ನ ಮೇಜಿಗೆ ಬರುವ ಎಷ್ಟೋ ಬಿಲ್ಲುಗಳಲ್ಲಿ ಇರುವುದು ಒಂದೇ ತೂಕ, ಒಂದೇ ಮೊತ್ತ.

ಇಂಥ ಹಾರವನ್ನು ಕರಗಿಸಿದಾಗ ಅರಗು ಹೊಗೆಯಾಗಿ ಹೋಗುತ್ತದೆ. ಹರಳುಗಳನ್ನು ಬಿಡಿಸುವಾಗ ಅರ್ಧದಷ್ಟು ಒಡೆಯುತ್ತವೆ, ಉಳಿದವುಗಳನ್ನು ಕೊಳ್ಳುವವರಿಲ್ಲ. ಹತ್ತು ವರ್ಷವೂ ಬಾಳದ ವಿನ್ಯಾಸಕ್ಕೆ ‘ತಲೆಮಾರಿನ ಒಡವೆ’ ಎಂದು ಹೆಸರಿಡುವುದು ನನಗಂತೂ ನಗೆ ತರಿಸುತ್ತದೆ. ಇದಕ್ಕೆ ಹೋಲಿಸಿದರೆ ನಮ್ಮ ಭಾಗದ ಬೋರಮಾಳ, ಗುಂಡಿನ ಸರ, ಪಾಟ್ಲಿ, ಬಿಲ್ವಾರಗಳು ಕಣ್ಣಿಗೆ ಸಾದಾ ಕಂಡರೂ ಕೊಂಡಿ ಸವೆದರೆ ಕೊಂಡಿ, ಗುಂಡು ನೆಗ್ಗಿದರೆ ಗುಂಡು ಎಂದು ಬಿಡಿಬಿಡಿಯಾಗಿ ರಿಪೇರಿ ಮಾಡಿಸಿಕೊಳ್ಳಬಹುದಾದ ಕಟ್ಟಣೆಯವು. ಅಜ್ಜಿಯ ಪಾಟ್ಲಿ ಮೊಮ್ಮಗಳ ಬಳೆಯಾದಾಗ ಗಣಿಯಿಂದ ಒಂದು ಗುಂಜಿಯಷ್ಟೂ ಹೊಸ ಬಂಗಾರ ಬೇಕಾಗುವುದಿಲ್ಲ.

ಹೊಸ ಬಂಗಾರಕ್ಕೆ ಭೂಮಿ ತೆರುವ ಬೆಲೆಯನ್ನು ತಿಳಿಯಲು ನಾವು ಆಫ್ರಿಕಕ್ಕೆ ಹೋಗಬೇಕಾಗಿಲ್ಲ. ನೆರೆಯ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಗಣಿ ಇಂದಿಗೂ ನಡೆಯುತ್ತಿದೆ. ನಮ್ಮದೇ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಮಂಗಳೂರಿನಲ್ಲಿ ಪ್ರಾಚೀನ ಕಾಲದ ಬಂಗಾರದ ಗುಂಡಿಗಳ ಗುರುತುಗಳಿವೆ. ಟನ್ನುಗಟ್ಟಲೆ ಅದಿರನ್ನು ಎತ್ತಿ, ಪುಡಿ ಮಾಡಿ, ಸಯನೈಡ್ ದ್ರಾವಣದಲ್ಲಿ ಕಲಸಿದರೆ ಒಂದು ಟನ್ನಿಗೆ ಸಿಗುವುದು ಕೆಲವೇ ಗ್ರಾಂ. ಉಳಿದದ್ದೆಲ್ಲ ಬೂದಿಬಣ್ಣದ ಗುಡ್ಡವಾಗುತ್ತದೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿದರೂ ಮೂರು ಕೋಟಿ ಟನ್ನಿಗೂ ಹೆಚ್ಚಿನ ಸಯನೈಡ್ ಗುಡ್ಡಗಳು ಅಲ್ಲಿಯ ಜನರ ಪಾಲಿಗೆ ಉಳಿದಿವೆ. ಗಾಳಿ ಬೀಸಿದಾಗ ಆ ದೂಳು ಮನೆಯೊಳಗೆ ಬರುತ್ತದೆ. ಹೊರದೇಶಗಳಲ್ಲಿ ಪಾದರಸ ಬೆರೆಸಿ ಬಂಗಾರ ತೆಗೆಯುವ ಸಣ್ಣ ಗಣಿಗಾರಿಕೆಯಂತೂ ಮನುಷ್ಯನಿಂದ ವಾತಾವರಣಕ್ಕೆ ಸೇರುವ ಪಾದರಸದ ಅತಿ ದೊಡ್ಡ ಮೂಲವೆಂದು ವಿಶ್ವಸಂಸ್ಥೆಯೇ ಗುರುತಿಸಿದೆ. ಹಟ್ಟಿಯ ಉತ್ಪಾದನೆ ವರ್ಷಕ್ಕೆ ಎರಡು ಟನ್ನನ್ನೂ ಮುಟ್ಟದಿರುವಾಗ ನಮ್ಮ ದೇಶ ನೂರಾರು ಟನ್ ಬಂಗಾರವನ್ನು ಹೊರಗಿನಿಂದ ತರಿಸುತ್ತದೆ. ಆದ್ದರಿಂದ ನಮ್ಮ ಕೊರಳಿನ ಬಂಗಾರ ಎಲ್ಲಿಯದೆಂದು ಅಂಗಡಿಯವನಿಗೂ ನಿಖರವಾಗಿ ಗೊತ್ತಿರುವುದಿಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಲಿ. ‘ಸುಸ್ಥಿರ’ ಎಂದು ಬೋರ್ಡು ಬರೆಸುವುದು ಬೇಡ.

ಹಳೆಯ ಬಂಗಾರವನ್ನು ಕರಗಿಸಿ ಮತ್ತೆ ಮಾಡಿಸುವುದೇ ಉತ್ತಮವೆಂದು ನಾನು ಹೇಳಿದರೂ, ನಮ್ಮ ಪತ್ತಾರರ ಓಣಿಯ ಕೆಲಸವೆಲ್ಲ ಪವಿತ್ರವೆಂದು ವಾದಿಸಲಾರೆ. ಕರಗಿಸಿದ ಬಂಗಾರದ ಕಲಬೆರಕೆ ತೆಗೆಯಲು ತೇಜಾಬಿನಲ್ಲಿ (ನೈಟ್ರಿಕ್ ಆಮ್ಲದಲ್ಲಿ) ಕುದಿಸುವಾಗ ಏಳುವ ಕೆಂಗಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್; ಅದು ಶ್ವಾಸಕೋಶವನ್ನು ಸುಡುತ್ತದೆ. ಹೊಗೆ ಹೀರುವ ಕೊಳವೆಯಿಲ್ಲದ ಹತ್ತಡಿಯ ಕೋಣೆಯಲ್ಲಿ, ಬಾಗಿಲು ತೆರೆದಿದ್ದರೆ ಸಾಕೆಂಬ ನಂಬಿಕೆಯಿಂದ ಈ ಕೆಲಸ ನಡೆಯುತ್ತದೆ, ಬಳಸಿ ಮಿಕ್ಕ ತಾಮ್ರಮಿಶ್ರಿತ ತೇಜಾಬು ಗಟಾರಿಗೆ ಹೋಗುತ್ತದೆ. ಇನ್ನು ‘ಕೆಡಿಎಂ ಅದಾನ್ರಿ?’ ಎಂದು ಇಂದಿಗೂ ಅಭಿಮಾನದಿಂದ ಕೇಳುವ ಗಿರಾಕಿಗಳಿದ್ದಾರೆ. ಕೆಡಿಎಂ ಎಂದರೆ ಶುದ್ಧತೆಯ ಗುರುತಲ್ಲ. ಬೆಸುಗೆಗೆ ಕ್ಯಾಡ್ಮಿಯಂ ಬಳಸಿದ ಬಂಗಾರ. ಕ್ಯಾಡ್ಮಿಯಂ 767 ಡಿಗ್ರಿಗೇ ಕುದಿಯುವ ಲೋಹವಾದ್ದರಿಂದ ಬೆಸೆಯುವಾಗ ಅದರ ಬಹುಭಾಗ ಆವಿಯಾಗಿ ಹೋಗುತ್ತದೆ, ಒಡವೆಯ ಶುದ್ಧತೆ ಕೆಡುವುದಿಲ್ಲ, ಗಿರಾಕಿಗೆ ತೊಂದರೆಯಿಲ್ಲ. ಆವಿಯಾದದ್ದು ಊದುಗೊಳವೆ ಹಿಡಿದವನ ಎದೆಗೆ ಹೋಗುತ್ತದೆ. ಅದು ಮೂತ್ರಪಿಂಡಕ್ಕೂ ಶ್ವಾಸಕೋಶಕ್ಕೂ ಕೇಡು ಮಾಡುವ, ಕ್ಯಾನ್ಸರ್‌ಕಾರಕವೆಂದು ದೃಢಪಟ್ಟಿರುವ ವಸ್ತು. ಸತುವು ಬೆರೆಸಿದ ಬೇರೆ ಬೆಸುಗೆಗಳು ಬಂದು ಎಷ್ಟೋ ಕಾಲವಾಯಿತು. ಒಡವೆಯನ್ನು ಹಸಿರು ಎನ್ನುವವರು ಮೊದಲು ಕೆಲಸದವನ ಕೋಣೆಯ ಹೊಗೆಯನ್ನು ನೋಡಲಿ.

ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಹಸಿರು ಮಾತು ಅತಿ ಜೋರಾಗಿ ಕೇಳುವುದು ಇಲ್ಲಿಯೇ. ಇದು ನಕಲಿಯಲ್ಲ, ಗಣಿಯ ವಜ್ರದಂತೆಯೇ ಇಂಗಾಲದ ಹರಳು. ಅಂಗಡಿಗಳಲ್ಲಿ ಬಿಸಿ ಹರಿಯುವ ಗುಣವನ್ನು ನೋಡುವ ಪೆನ್ನಿನಂಥ ಯಂತ್ರಕ್ಕೆ ಇವೆರಡರ ವ್ಯತ್ಯಾಸ ತಿಳಿಯುವುದೇ ಇಲ್ಲ, ಅದಕ್ಕೆಂದೇ ಮಾಡಿದ ಬೇರೆ ಉಪಕರಣಗಳು ಬೇಕು. ಸರ್ಕಾರವೂ ಇದಕ್ಕೆ ಬೆನ್ನು ಕೊಟ್ಟಿದೆ. 2023ರಲ್ಲಿ ಮದ್ರಾಸ್ ಐಐಟಿಗೆ ಈ ಸಂಶೋಧನೆಗಾಗಿ ಐದು ವರ್ಷಗಳಿಗೆ 242 ಕೋಟಿ ರೂಪಾಯಿ ಮಂಜೂರಾಯಿತು. ನಿಶ್ಚಿತಾರ್ಥದ ಉಂಗುರಕ್ಕೆ ನಮ್ಮೂರಿನ ಹುಡುಗರು ಇದನ್ನು ಕೊಂಡರೆ ನನ್ನ ಆಕ್ಷೇಪವಿಲ್ಲ, ದುಡಿಮೆಯ ಹಣಕ್ಕೆ ಹೊಳಪು ಹೆಚ್ಚು ಸಿಗುತ್ತದೆ. ಆದರೆ ಗಣಿ ಅಗೆಯಲಿಲ್ಲವೆಂದ ಮಾತ್ರಕ್ಕೆ ಭೂಮಿಗೆ ಭಾರವಿಲ್ಲ ಎಂಬ ಮಾತನ್ನು ಒಪ್ಪಲಾಗದು. ಮೀಥೇನ್ ಮತ್ತು ಜಲಜನಕದ ಅನಿಲಗಳನ್ನು 800 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟು, ದಿನಗಟ್ಟಲೆ, ವಾರಗಟ್ಟಲೆ ನಿಲ್ಲದೆ ವಿದ್ಯುತ್ ಹರಿಸಿದಾಗ ಈ ಹರಳು ಪದರಪದರವಾಗಿ ಬೆಳೆಯುತ್ತದೆ. ಆ ವಿದ್ಯುತ್ತು ಸೂರ್ಯನದೋ ಕಲ್ಲಿದ್ದಲಿನದೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ದೇಶದ ಹೆಚ್ಚಿನ ವಿದ್ಯುತ್ತು ಕಲ್ಲಿದ್ದಲಿನದೆಂಬುದು ಶಕ್ತಿನಗರದ ಚಿಮಣಿಗಳನ್ನು ನೋಡುತ್ತ ಬೆಳೆದ ನಮ್ಮ ಭಾಗದವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಪೇಟೆಯಲ್ಲಿ ಇವುಗಳ ಬೆಲೆ ಕೆಲವೇ ವರ್ಷಗಳಲ್ಲಿ ಪಾತಾಳಕ್ಕಿಳಿದಿರುವುದನ್ನೂ ಮಾರುವಾಗ ಹೇಳಬೇಕು. ಸಾಲದ ಮೇಜಿನಲ್ಲಿ ಗಣಿಯ ವಜ್ರಕ್ಕೂ ನಾನು ಸೊನ್ನೆಯೇ ಬರೆಯುತ್ತೇನೆಂಬುದು ಬೇರೆ ಮಾತು.

ಬಣ್ಣದ ಹರಳುಗಳ ಕಥೆ ಇದಕ್ಕಿಂತ ಗೋಜಲಾದದ್ದು. ವಜ್ರಕ್ಕಾದರೂ 2003ರಿಂದ ಕಿಂಬರ್ಲಿ ಪ್ರಕ್ರಿಯೆ ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರದ ವ್ಯವಸ್ಥೆಯಿದೆ. ಬಂಡುಕೋರ ಪಡೆಗಳ ಯುದ್ಧಕ್ಕೆ ಹಣ ಒದಗಿಸುವ ಕಚ್ಚಾ ವಜ್ರವನ್ನು ತಡೆಯುವುದಷ್ಟೇ ಅದರ ಕೆಲಸ, ಗಣಿಯ ಕೂಲಿ, ಮಾಲಿನ್ಯಗಳ ಗೊಡವೆ ಅದಕ್ಕಿಲ್ಲ. ಮಾಣಿಕ್ಯ, ಪಚ್ಚೆ, ನೀಲಗಳಿಗೆ ಅಷ್ಟೂ ಇಲ್ಲ. ಈಚೆಗೆ ಉಂಗುರಗಳಲ್ಲಿ ಬರುತ್ತಿರುವ ದೊಡ್ಡ ದೊಡ್ಡ ‘ಬರ್ಮಾ ಕೆಂಪು’ಗಳಲ್ಲಿ ಹಲವು, ಬಿರುಕುಬಿಟ್ಟ ಕಳಪೆ ಮಾಣಿಕ್ಯಕ್ಕೆ ಸೀಸದ ಗಾಜು ತುಂಬಿದವು. ಭೂತಗಾಜು ಹಿಡಿದು ಓರೆಯಾಗಿಸಿದರೆ ಬಿರುಕಿನ ಗೆರೆಯಲ್ಲಿ ನೀಲಿ ಮಿಂಚೊಂದು ಓಡುತ್ತದೆ, ಚಪ್ಪಟೆಯಾದ ಗಾಳಿಗುಳ್ಳೆಗಳು ಕಾಣುತ್ತವೆ. ಇಂಥ ಉಂಗುರವನ್ನು ಹಿಗ್ಗಿಸಲು ಪತ್ತಾರನು ಉರಿ ತಾಗಿಸಿದರೆ ಅಥವಾ ತೊಳೆಯಲು ಆಮ್ಲಕ್ಕೆ ಹಾಕಿದರೆ ಗಾಜು ಹಾಳಾಗಿ ಹರಳು ಬೆಳ್ಳಗೆ ಬಿರಿಯುತ್ತದೆ. ಮನೆಯಲ್ಲಿ ನಿಂಬೆರಸದಿಂದ ತಿಕ್ಕಿದರೂ ಸಾಕು, ಹೊಳಪು ಕೆಡುತ್ತದೆ. ಬೈಗುಳ ಪತ್ತಾರನಿಗೆ. ಮಾರಿದವನು ‘ಸಂಸ್ಕರಿಸಿದ ಹರಳು’ ಎಂದು ಒಂದು ಸಾಲು ಬರೆದುಕೊಟ್ಟಿದ್ದರೆ ಯಾರೂ ಯಾರನ್ನೂ ಬಯ್ಯಬೇಕಾಗಿರಲಿಲ್ಲ.

ನವರತ್ನದ ಉಂಗುರದ ಹವಳದ ಬಗ್ಗೆಯೂ ಒಂದು ಮಾತು. ಮೆಡಿಟರೇನಿಯನ್ ಸಮುದ್ರದ ಕೆಂಪು ಹವಳದ ಬುಡದ ದಪ್ಪ ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಹೆಚ್ಚುವುದಿಲ್ಲ. ಕುಜದೋಷ ಪರಿಹಾರಕ್ಕೆಂದು ಹೆಬ್ಬೆರಳ ಗಾತ್ರದ ಹವಳ ಕೇಳುವವರು ಇದನ್ನು ತಿಳಿದಿರಲಿ.

ದುಬಾರಿ ಒಡವೆಗಳ ಚರ್ಚೆಯಲ್ಲಿ ಯಾರೂ ಎತ್ತದ ಕಲ್ಲೊಂದು ನಮ್ಮ ಊರಿನಲ್ಲಿಯೇ ದಂಡಿಯಾಗಿ ಮಾರಾಟವಾಗುತ್ತದೆ. ಖ್ವಾಜಾ ಬಂದೇನವಾಜ್ ದರ್ಗಾದ ಸುತ್ತಲಿನ ಅಂಗಡಿಗಳಲ್ಲಿ, ಉರುಸಿನ ದಿನಗಳಲ್ಲಂತೂ ರಸ್ತೆಯುದ್ದಕ್ಕೂ, ಬೆಳ್ಳಿಯ ಉಂಗುರಕ್ಕೆ ಕೂರಿಸಿದ ಅಕೀಕ್ (ಅಗೇಟ್) ಕಲ್ಲುಗಳು ಸಿಗುತ್ತವೆ. ಹಿಂದೂ ಮುಸ್ಲಿಮರೆನ್ನದೆ ಎಲ್ಲರೂ ಕೊಳ್ಳುತ್ತಾರೆ. ಬೆಲೆ ಕೆಲವು ನೂರು ರೂಪಾಯಿ. ಗುಜರಾತಿನ ಖಂಭಾತ್ ಈ ಕಲ್ಲಿನ ಬಹು ಹಳೆಯ ಕೇಂದ್ರ. ಅಲ್ಲಿ ಮನೆಯ ಪಡಸಾಲೆಯಲ್ಲಿಯೇ ತಿರುಗುವ ಸಾಣೆಯ ಮೇಲೆ ಕಲ್ಲನ್ನು ಉಜ್ಜುತ್ತಾರೆ. ಉಜ್ಜುವಾಗ ಏಳುವ ಬಿಳಿ ದೂಳು ಸಿಲಿಕಾ. ಅದು ಎದೆಯಲ್ಲಿ ಕೂತರೆ ಸಿಲಿಕೋಸಿಸ್ ಬರುತ್ತದೆ. ಅದನ್ನು ಗುಣಪಡಿಸುವ ಮದ್ದಿಲ್ಲ, ಅದರ ಬೆನ್ನಿಗೇ ಕ್ಷಯ ಹತ್ತಿಕೊಳ್ಳುವುದೂ ಸಾಮಾನ್ಯ. ಸಾಣೆಯ ಮುಂದೆ ಕೂತವನಿಗೆ ಮಾತ್ರವಲ್ಲದೆ ಅದೇ ಮನೆಯಲ್ಲಿ ಅಡುಗೆ ಮಾಡುವವಳಿಗೂ ಆಡುವ ಮಗುವಿಗೂ ಆ ದೂಳು ತಪ್ಪಿದ್ದಲ್ಲ. ನೀರು ಹನಿಸುತ್ತ ಉಜ್ಜುವುದು, ದೂಳು ಹೀರುವ ಯಂತ್ರ ಕೂರಿಸುವುದು ಇವು ಯಾವುವೂ ದೊಡ್ಡ ವಿಜ್ಞಾನವಲ್ಲ. ಉಂಗುರದ ಬೆಲೆ ಐವತ್ತು ರೂಪಾಯಿ ಹೆಚ್ಚಾದರೆ ಕೊಳ್ಳುವವರು ಕಡಿಮೆಯಾಗುತ್ತಾರೆಂದು ನನಗೆ ಅನ್ನಿಸುವುದಿಲ್ಲ. ಲಕ್ಷಾಂತರ ರೂಪಾಯಿಯ ವಜ್ರಕ್ಕೆ ಪ್ರಮಾಣಪತ್ರ ಕೇಳುವ ನಾವು ಈ ಕಲ್ಲಿನ ಬಗ್ಗೆ ಏನನ್ನೂ ಕೇಳಿಲ್ಲ, ಅಗ್ಗದ ಕಲ್ಲಿಗೆ ಪ್ರಶ್ನೆಯೂ ಬೇಡವೆಂದು ಸುಮ್ಮನಿದ್ದೇವೆ.

ನಮ್ಮ ನೆರೆಯ ಬೀದರಿನ ಬಿದ್ರಿಯನ್ನು ಈ ಸಂದರ್ಭದಲ್ಲಿ ನೆನೆಯದಿದ್ದರೆ ತಪ್ಪಾದೀತು. 2006ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಲೆಯಲ್ಲಿ ಈಗ ಹೂದಾನಿ, ಹುಕ್ಕಾಗಳ ಜೊತೆಗೆ ಪದಕ, ಝುಮಕಿ, ಬಳೆಗಳೂ ತಯಾರಾಗುತ್ತಿವೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಉಳಿಯಿಂದ ಕೊರೆದ ಗೆರೆಗೆ ಬೆಳ್ಳಿಯ ತಂತಿ ಬಡಿದು ಕೂರಿಸಿ, ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರವೆಂಬ ಲವಣದ ಜೊತೆ ಕಲಸಿ ಬಿಸಿಯಾದ ಒಡವೆಗೆ ಸವರಿದರೆ ಸತುವು ಕಪ್ಪಾಗುತ್ತದೆ, ಬೆಳ್ಳಿ ಬಿಳಿದಾಗಿಯೇ ಉಳಿಯುತ್ತದೆ. ಮಣ್ಣು ತಕ್ಕದ್ದೋ ಅಲ್ಲವೋ ಎಂದು ಕುಶಲಕರ್ಮಿಗಳು ನಾಲಿಗೆಗೆ ಹಚ್ಚಿ ನೋಡುತ್ತಾರೆ. ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಹೆಮ್ಮೆಪಟ್ಟೆವು. ಆದರೂ ಬಿದ್ರಿ ಝುಮಕಿಯ ಬೆಲೆ ಕೇಳಿ ‘ಒಳಗ ಬೆಳ್ಳಿ ಎಷ್ಟು?’ ಎಂದು ಚೌಕಾಸಿ ಮಾಡುವ ಚಟ ನಮ್ಮನ್ನು ಬಿಟ್ಟಿಲ್ಲ. ಅಲ್ಲಿ ಬೆಲೆ ಕೈಕೆಲಸದ್ದು, ಯಾವ ಬ್ಯಾಂಕಿನಲ್ಲಿಯೂ ಅದು ಅಡವಾಗುವುದಿಲ್ಲ, ಮಾರುವವರೂ ಆಗುತ್ತದೆಂದು ನಂಬಿಸುವುದಿಲ್ಲ. ಅಷ್ಟು ನೇರ ವ್ಯವಹಾರ ಬಂಗಾರದ ಅಂಗಡಿಯಲ್ಲಿಯೂ ಇರಲೆಂಬುದು ನನ್ನ ಆಸೆ.

ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ. ಪರಿಸರದ ಹೆಸರಿನಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ ಜಾಹೀರಾತುಗಳ ವಿರುದ್ಧ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರಿನಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ‘ಹಸಿರು’, ‘ಪರಿಸರಸ್ನೇಹಿ’, ‘ಸುಸ್ಥಿರ’ ಎಂಬಂಥ ಮಾತುಗಳನ್ನು ಬಳಸುವವರು ಅದಕ್ಕೆ ಆಧಾರ ಒದಗಿಸಬೇಕೆಂದು ಅದರಲ್ಲಿದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯನ್ನು ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆಯಿಲ್ಲದೆ ಅಂಗಡಿಯವರು ಮಾರುವಂತಿಲ್ಲ. ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಒಡವೆಯ ಜಾತಕ ಬರುತ್ತದೆ. ಮುದ್ರೆಯಲ್ಲಿರುವುದಕ್ಕಿಂತ ಶುದ್ಧತೆ ಕಡಿಮೆಯಿದ್ದರೆ ಕೊರತೆಯ ಮೊತ್ತದ ಎರಡು ಪಟ್ಟು ಪರಿಹಾರವನ್ನೂ ಪರೀಕ್ಷೆಯ ಶುಲ್ಕವನ್ನೂ ಕೊಡಬೇಕೆಂದು ಬ್ಯೂರೋದ 2018ರ ನಿಯಮಗಳೇ ಹೇಳುತ್ತವೆ. ಆದರೆ ಕುಂದನ್, ಪೋಲ್ಕಿ, ಜಡಾವು ಎಂಬ ಹರಳು ಕೂರಿಸಿದ ಒಡವೆಗಳಿಗೆ ಕಡ್ಡಾಯ ಹಾಲ್‌ಮಾರ್ಕಿನಿಂದ ವಿನಾಯಿತಿ ಇದೆ. ಹರಳು ಹೆಚ್ಚಿರುವ ಒಡವೆಗೇ ವಿನಾಯಿತಿ ಇರುವುದರಿಂದ, ಬಿಲ್ಲಿನ ಅಗತ್ಯ ಅಲ್ಲಿ ಎರಡು ಪಟ್ಟು.

ವ್ಯಾಪಾರಿಗಳನ್ನಷ್ಟೇ ದೂರಿದರೆ ಅರ್ಧ ಸತ್ಯವಾದೀತು. ‘ಬಿಲ್ ಬ್ಯಾಡ್ರಿ, ಜಿಎಸ್‌ಟಿ ಬಿಡ್ರಿ’ ಎಂದು ಮೊದಲು ಹೇಳುವವರು ಬಹಳ ಸಲ ಗಿರಾಕಿಗಳೇ. ಲಕ್ಷ ರೂಪಾಯಿಯ ಒಡವೆಗೆ ಮೂರು ಸಾವಿರ ಉಳಿಯಿತೆಂದು ಮನೆಗೆ ಬರುತ್ತಾರೆ. ನಿವ್ವಳ ತೂಕ, ಹರಳಿನ ಜಾತಿ, ಪರಿಹಾರದ ಹಕ್ಕು ಮೂರನ್ನೂ ಅಂಗಡಿಯಲ್ಲಿಯೇ ಬಿಟ್ಟು ಬಂದಿರುತ್ತಾರೆ. ‘ಜನ ಒಪ್ಪೋದಿಲ್ಲ, ಪದ್ಧತಿ ಅದ’ ಎಂಬ ವ್ಯಾಪಾರಿಗಳ ಉತ್ತರವನ್ನೂ ನಾನು ಒಪ್ಪುವುದಿಲ್ಲ. ನಮ್ಮ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ ತೋಳುಬಳೆ ಒಂದು ಕಾಲಕ್ಕೆ ದಂತದ್ದಾಗಿತ್ತು, ಈಗ ಪ್ಲಾಸ್ಟಿಕ್ಕಿನದು. ಅದರಿಂದ ಅವರ ಮದುವೆಗಳೇನೂ ನಿಂತಿಲ್ಲ.

ಆದ್ದರಿಂದ ಕಲಬುರಗಿ, ಬೀದರ್, ಯಾದಗಿರಿಯ ಸರಾಫ (ಬಂಗಾರ-ಬೆಳ್ಳಿ ವ್ಯಾಪಾರಿಗಳ) ಸಂಘಗಳವರು ಮುಂದಿನ ಮದುವೆಯ ಹಂಗಾಮಿಗೆ ಮೊದಲು ಕೂಡಿ ಒಂದೇ ನಮೂನೆಯ ಕನ್ನಡ ಬಿಲ್ಲನ್ನು ರೂಪಿಸಬೇಕೆಂದು ಈ ಪತ್ರದ ಮೂಲಕ ಕೋರುತ್ತೇನೆ. ಒಟ್ಟು ತೂಕ, ಬಂಗಾರದ ನಿವ್ವಳ ತೂಕ, ಹರಳು-ಅರಗಿನ ತೂಕ, ಹರಳು ಗಣಿಯದೋ ಪ್ರಯೋಗಾಲಯದ್ದೋ ಸಂಸ್ಕರಿಸಿದ್ದೋ ಎಂಬ ವಿವರ, ಗಿರಾಕಿಯ ಹಳೆಯ ಬಂಗಾರದಿಂದ ಮಾಡಿದ್ದಾದರೆ ಆ ಮಾತು, ಇಷ್ಟು ಅದರಲ್ಲಿದ್ದರೆ ಸಾಕು. ಮರಾಠಿ, ಉರ್ದು, ತೆಲುಗು ಗಿರಾಕಿಗಳಿಗಾಗಿ ಹಿಂಬದಿಯಲ್ಲಿ ಅವರವರ ಭಾಷೆಯಲ್ಲಿಯೂ ಅಚ್ಚು ಹಾಕಿಸಬಹುದು. ಕರಡು ಬರೆಯಲು ಯಾರಾದರೂ ಕರೆದರೆ ರವಿವಾರದ ಬಿಡುವಿನಲ್ಲಿ ಕೂತು ಬರೆದುಕೊಡಲು ನಾನು ಸಿದ್ಧನಿದ್ದೇನೆ.

ಇಂತಿ,
ಸಹಕಾರಿ ಬ್ಯಾಂಕೊಂದರ ಬಂಗಾರ ಮೌಲ್ಯಮಾಪಕ,
ಕಲಬುರಗಿ